ಕಾರಿನ ಸೆಟ್ಟಿಂಗ್ಸ್ ಬದಲಾಯಿಸೋಕೆ ಯಾವ ಕೇಬಲ್, ಯಾವ ಸಾಫ್ಟ್‌ವೇರ್? ಎಲ್ಲಾ ಕಾರಿಗೂ ಒಂದೇ ಸಾಕಾಗುತ್ತಾ?

ಹೊಸಚಕ್ರ

ಎಲ್ಲರಿಗೂ ನಮಸ್ಕಾರ. ಮನೇಲಿ ಮೂರು ಕಾರಿದೆ: 2016ರ ಫೋರ್ಡ್ ಇಕೋಸ್ಪೋರ್ಟ್, 2014ರ ಸ್ಕೋಡಾ ಆಕ್ಟೇವಿಯಾ, ಅಣ್ಣಂದು 2015ರ ಬಿಎಂಡಬ್ಲ್ಯು 3 ಸೀರೀಸ್ (ಎಫ್30). ದೊಡ್ಡ ಆಸೆ ಏನಿಲ್ಲ. ವೇಗ ಹಿಡಿದ ಕೂಡಲೇ ಬಾಗಿಲು ತಾನಾಗೇ ಲಾಕ್ ಆಗ್ಬೇಕು, ಇಂಡಿಕೇಟರ್ ಕಡ್ಡಿ ಮೆಲ್ಲಗೆ ಮುಟ್ಟಿದ್ರೆ ಮೂರು ಸಲದ ಬದಲು ಐದು ಸಲ ಮಿನುಗ್ಬೇಕು, ರಿಮೋಟ್ ಒತ್ತಿ ಹಿಡಿದ್ರೆ ಗಾಜು ಇಳೀಬೇಕು, ಇಂಥವು.

ನನ್ನ ಹತ್ರ ನೀಲಿ ಬಣ್ಣದ ಸಣ್ಣ ಬ್ಲೂಟೂತ್ ಡಾಂಗಲ್ ಒಂದಿದೆ, ಮೇಲೆ "ಇಎಲ್‌ಎಂ327 ವಿ1.5" ಅಂತ ಬರೆದಿದೆ. ಮೂರು ಕಾರಲ್ಲೂ ಫೋನಿಗೆ ಕನೆಕ್ಟ್ ಆಗುತ್ತೆ, ಆರ್‌ಪಿಎಂ, ಕೂಲೆಂಟ್ ಬಿಸಿ ಎಲ್ಲಾ ತೋರಿಸುತ್ತೆ. ಸೆಟ್ಟಿಂಗ್ಸ್ ಮಾತ್ರ ಎಲ್ಲೂ ಕಾಣಲ್ಲ. ಮೂರಕ್ಕೂ ಆಗೋ ಒಂದೇ ಕೇಬಲ್, ಒಂದೇ ಸಾಫ್ಟ್‌ವೇರ್ ಯಾವುದು ಹೇಳಿ.

ರಾತ್ರಿಸವಾರಿ

ಅಂಥದ್ದು ಇಲ್ಲ ಗುರು. ಹುಡುಕ್ತಾ ಕೂರಬೇಡಿ.

ಪಿನ್ಹದಿನಾರು

ಯಾಕಿಲ್ಲ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಅದು ಗೊತ್ತಾದ್ರೆ ಮುಂದೆ ಯಾವ ಕಾರು ತಗೊಂಡ್ರೂ ಈ ಪ್ರಶ್ನೆ ಬರಲ್ಲ.

ಸ್ಟೇರಿಂಗ್ ಕೆಳಗಿನ ಆ 16 ಪಿನ್ನಿನ ಸಾಕೆಟ್ ಇದೆಯಲ್ಲ, ಅದನ್ನ ಕಾನೂನು ತಂದದ್ದು ಹೊಗೆ ತಪಾಸಣೆಗೆ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ, ಯುರೋಪಿನ ಪೆಟ್ರೋಲ್ ಕಾರುಗಳಿಗೆ 2001ರಿಂದ ಒಬಿಡಿ (ಕಾರು ತನ್ನ ದೋಷವನ್ನ ತಾನೇ ಗುರುತಿಸಿ ಹೇಳೋ ವ್ಯವಸ್ಥೆ) ಕಡ್ಡಾಯ ಆಯ್ತು. ಹಾಗಾಗಿ ಆರ್‌ಪಿಎಂ, ಕೂಲೆಂಟ್, ಆಕ್ಸಿಜನ್ ಸೆನ್ಸರ್, ಇಂಜಿನ್ ದೋಷದ ಕೋಡ್ ಇಷ್ಟನ್ನು ಯಾವ ಕಂಪನಿಯ ಕಾರಾದ್ರೂ ಒಂದೇ ಭಾಷೇಲಿ ಹೇಳ್ಲೇಬೇಕು. ನಿಮ್ಮ ನೀಲಿ ಡಾಂಗಲ್ ಮೂರರಲ್ಲೂ ಓದೋದು ಅದನ್ನೇ. ಬಾಗಿಲು, ದೀಪ, ಗಾಜು ಇವುಗಳ ಬಗ್ಗೆ ಆ ಕಾನೂನು ಚಕಾರ ಎತ್ತಿಲ್ಲ. ಅದು ಆಯಾ ಕಂಪನಿಯ ಮನೆ ವ್ಯವಹಾರ.

ಇನ್ನು ಪಿನ್ನುಗಳು. ಹದಿನಾರರಲ್ಲಿ ಒಂಬತ್ತಕ್ಕೆ ಮಾತ್ರ ಕೆಲಸ ನಿಗದಿ. 16 ಬ್ಯಾಟರಿ ಪ್ಲಸ್, 4 ಮತ್ತು 5 ಗ್ರೌಂಡ್, 6 ಮತ್ತು 14 ಕ್ಯಾನ್ ಬಸ್ (ಕಾರಿನ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡೋ ತಂತಿ ಜೋಡಿ), 7 ಮತ್ತು 15 ಹಳೇ ಕೆ-ಲೈನ್ ಕಡೆಯವು, 2 ಮತ್ತು 10 ಇನ್ನೊಂದು ಹಳೇ ಪದ್ಧತಿಗೆ. ಉಳಿದ ಏಳನ್ನ (1, 3, 8, 9, 11, 12, 13) ತಯಾರಕರು ಹೇಗೆ ಬೇಕಾದ್ರೂ ಬಳಸ್ಬಹುದು. ನಿಮ್ಮ ಕಾರುಗಳನ್ನೇ ತಗೊಳ್ಳಿ. ಫೋರ್ಡ್‌ನಲ್ಲಿ 3 ಮತ್ತು 11ರಲ್ಲಿ ಎರಡನೇ ಕ್ಯಾನ್ ಬಸ್ ಇರುತ್ತೆ, ಅದಕ್ಕೆ ಎಂಎಸ್-ಕ್ಯಾನ್ ಅಂತಾರೆ. ಬಿಎಂಡಬ್ಲ್ಯು ಎಫ್ ಸೀರೀಸ್‌ನಲ್ಲಿ ಅದೇ 3 ಮತ್ತು 11, ಜೊತೆಗೆ 12 ಮತ್ತು 13 ಸೇರಿ ಈಥರ್‌ನೆಟ್. ಅಂದ್ರೆ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಪೋರ್ಟಿಗೆ ಹೋಗೋ ತಂತಿ. ಸಾಕೆಟ್ಟಿನ ಆಕಾರ ಒಂದೇ, ತೂತು ಒಂದೇ, ಒಳಗೆ ಹರಿಯೋದೇ ಬೇರೆ. ಒಂದೇ ಕೇಬಲ್ ಹೇಗಾಗುತ್ತೆ ಹೇಳಿ?

ಅದಕ್ಕೇ ಕೇಬಲ್‌ನಿಂದ ಶುರು ಮಾಡ್ಬೇಡಿ. ಮೊದಲು ಕಾರು ಮತ್ತು ವರ್ಷ. ಆಮೇಲೆ ಬದಲಾಯಿಸ್ಬೇಕಾದ್ದು ಯಾವ ಮಾಡ್ಯೂಲ್‌ನಲ್ಲಿದೆ (ಅಂದ್ರೆ ಕಾರಿನೊಳಗಿನ ಯಾವ ಸಣ್ಣ ಕಂಪ್ಯೂಟರ್‌ನಲ್ಲಿದೆ) ಅನ್ನೋದು. ಅದನ್ನ ಬರೆಯಬಲ್ಲ ಸಾಫ್ಟ್‌ವೇರ್ ಯಾವುದು ನೋಡಿ. ಆ ಸಾಫ್ಟ್‌ವೇರ್ ಮಾಡಿದವರೇ ಯಾವ ಕೇಬಲ್ ಆಗುತ್ತೆ ಅಂತ ಪಟ್ಟಿ ಕೊಟ್ಟಿರ್ತಾರೆ, ಅದರಿಂದ ಆರಿಸಿ.

ಹೊಸಚಕ್ರ

ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರ್ಲಿಲ್ಲ ಸರ್. ಹಾಗಾದ್ರೆ ಮೂರಕ್ಕೂ ಬೇರೆ ಬೇರೆ. ಫೋರ್ಡ್ ನನ್ನದೇ ಆದ್ದರಿಂದ ಅದರಿಂದ ಶುರು ಮಾಡ್ತೀನಿ. ಏನು ಬೇಕು?

ಫ್ಯೂಸ್‌ಬಾಕ್ಸ್

ಫೋರ್ಡ್, ಮಾಜ್ದಾ ಎರಡಕ್ಕೂ ಫೋರ್‌ಸ್ಕ್ಯಾನ್. ಎರಡನೇ ಮಾತಿಲ್ಲ. ಆದ್ರೆ ವಿಂಡೋಸ್ ಆವೃತ್ತಿಯೇ ಬೇಕು. ಫೋನಿನ ಲೈಟ್ ಆವೃತ್ತಿ ದೋಷ ಓದುತ್ತೆ, ಅಳಿಸುತ್ತೆ, ಕೆಲವು ಸರ್ವಿಸ್ ಕೆಲಸ ಮಾಡುತ್ತೆ, ಕಾನ್ಫಿಗರೇಷನ್ ಬರೆಯಲ್ಲ. ವಿಂಡೋಸ್‌ನಲ್ಲೂ ಬರೆಯೋಕೆ ಎಕ್ಸ್‌ಟೆಂಡೆಡ್ ಲೈಸೆನ್ಸ್ ಹಾಕಿಸ್ಕೋಬೇಕು.

ಅಡಾಪ್ಟರ್ ವಿಷ್ಯಕ್ಕೆ ಬಂದ್ರೆ ಪಿನ್ಹದಿನಾರು ಹೇಳಿದ 3 ಮತ್ತು 11 ಇಲ್ಲಿ ಮುಖ್ಯ. ಇಂಜಿನ್, ಎಬಿಎಸ್ ಕಡೆಯವು 500 ಕೆಬಿಪಿಎಸ್‌ನ ಎಚ್‌ಎಸ್-ಕ್ಯಾನ್‌ನಲ್ಲಿ. ಆಡಿಯೊ, ಎಸಿ, ಪಾರ್ಕಿಂಗ್ ಸೆನ್ಸರ್ ಥರದವು ಸಾಮಾನ್ಯವಾಗಿ 125 ಕೆಬಿಪಿಎಸ್‌ನ ಎಂಎಸ್-ಕ್ಯಾನ್‌ನಲ್ಲಿ. ಮಾಮೂಲಿ ಡಾಂಗಲ್‌ಗೆ 6 ಮತ್ತು 14 ಬಿಟ್ರೆ ಬೇರೆ ಕ್ಯಾನ್ ಇದೆ ಅಂತಲೇ ಗೊತ್ತಿರಲ್ಲ. ಮೂರು ದಾರಿ ಇದೆ: ಬದಿಯಲ್ಲಿ ಸಣ್ಣ ಸ್ವಿಚ್ ಹಾಕಿರೋ ಮಾರ್ಪಡಿಸಿದ ಇಎಲ್‌ಎಂ327; ತಾನಾಗೇ ಬಸ್ ಬದಲಿಸೋ ಯುಎಸ್‌ಬಿ ಅಡಾಪ್ಟರ್ (ಒಬಿಡಿಲಿಂಕ್ ಇಎಕ್ಸ್, ವಿಲಿಂಕರ್ ಎಫ್‌ಎಸ್); ಅಥವಾ ಜೆ2534 ಸಾಧನ (ವರ್ಕ್‌ಶಾಪ್‌ಗಳಲ್ಲಿ ಬಳಸೋ ಒಂದು ಮಾನಕದ ಅಡಾಪ್ಟರ್). ಸ್ವಿಚ್ ಇರೋದು ಕೆಲಸ ಮಾಡುತ್ತೆ, ಆದ್ರೆ ಸಾಫ್ಟ್‌ವೇರ್ ಕೇಳಿದಾಗ ಮಾತ್ರ ಒತ್ತಬೇಕು, ಬರೆಯೋ ಮಧ್ಯೆ ಕೈ ತಗಲಿದ್ರೆ ಕೆಲಸ ಕೆಟ್ಟಿತು. ಎರಡನೆಯದೇ ಒಳ್ಳೇದು.

ಬ್ಲೂಟೂತ್ ಬೇಡ, ತಂತಿಯೇ ಇರಲಿ. ಓದೋಕೆ ಬ್ಲೂಟೂತ್ ಸರಿ, ಬರೆಯೋ ಹೊತ್ತಲ್ಲಿ ಸಂಪರ್ಕ ಕಡಿಯೋ ಸಾಧ್ಯತೆ ಯಾಕೆ ಇಟ್ಕೋಬೇಕು?

ಹಳೇಗೇರು

> ಬ್ಲೂಟೂತ್ ಬೇಡ, ತಂತಿಯೇ ಇರಲಿ

ಇದೆಲ್ಲ ಅತಿ ಆಯ್ತು. ನಾನು ಅಗ್ಗದ ನಕಲಿ ಡಾಂಗಲ್‌ನಲ್ಲೇ ವರ್ಷಗಟ್ಟಲೆ ಮಾಡ್ಕೊಂಡು ಬಂದಿದ್ದೀನಿ. ಏನೂ ಸುಟ್ಟಿಲ್ಲ. ಸುಮ್ನೆ ಹೊಸಬರನ್ನ ಹೆದರಿಸಿ ದುಬಾರಿ ಸಾಮಾನು ಕೊಳ್ಳೋ ಹಾಗೆ ಮಾಡ್ಬೇಡಿ.

ಫ್ಯೂಸ್‌ಬಾಕ್ಸ್

ನೀವು ಯಾವ ಕಾರಲ್ಲಿ ಏನು ಬರೆದಿದ್ದೀರಿ ಹೇಳಿ ಅಣ್ಣ, ಆಮೇಲೆ ಮಾತಾಡೋಣ.

ಹಳೇಗೇರು

ದೋಷ ಅಳಿಸಿದ್ದೀನಿ, ಲೈವ್ ಡೇಟಾ ನೋಡಿದ್ದೀನಿ, ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯೋ ಫಿಲ್ಟರ್) ತುಂಬಿದೆಯಾ ನೋಡಿದ್ದೀನಿ.

ಫ್ಯೂಸ್‌ಬಾಕ್ಸ್

ಅದು ಓದೋದು. ಇಲ್ಲಿ ಕೇಳ್ತಿರೋದು ಬರೆಯೋದು.

ಬಿಟ್‌ಬೈಟ್

ಜಗಳ ಬೇಡ, ಇಬ್ಬರ ಮಾತಲ್ಲೂ ಹುರುಳಿದೆ. "ನಕಲಿ" ಅಂತ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದ ಈ ಗೊಂದಲ.

ಇಎಲ್‌ಎಂ327 ಚಿಪ್ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್‌ನದು. ಅದರ ಮೊದಲ ಆವೃತ್ತಿಯ ಒಳಗಿನ ಪ್ರೋಗ್ರಾಮಿಗೆ ಕಾಪಿ ತಡೆ ಇರಲಿಲ್ಲ, ಅದನ್ನ ನಕಲು ಮಾಡಿ ಊರೆಲ್ಲ ಹಂಚಿದ್ರು. ತಮಾಷೆ ಅಂದ್ರೆ ಹೊಸಚಕ್ರ ಅವರ ಡಾಂಗಲ್ ಮೇಲಿರೋ "ವಿ1.5" ಅನ್ನೋ ಆವೃತ್ತಿಯನ್ನ ಆ ಕಂಪನಿ ಹೊರಗೆ ತಂದೇ ಇಲ್ಲ. 1.4ರ ನಂತರ 2.0ಕ್ಕೇ ಹಾರಿದ್ರು. ಕಂಪನಿಯೂ 2022ರಲ್ಲಿ ಬಾಗಿಲು ಹಾಕ್ಕೊಂಡ್ತು. ಹಾಗಾಗಿ ಚಿಪ್ಪಿನ ಮೇಲಿನ ನಂಬರ್ ನೋಡಿ ಏನನ್ನೂ ತೀರ್ಮಾನಿಸೋಕಾಗಲ್ಲ. "ವಿ2.1" ಅಂತ ಬರೆದಿರೋ ಎಷ್ಟೋ ಡಾಂಗಲ್‌ಗಳಲ್ಲಿ ಹಳೇ ಆವೃತ್ತಿಯಲ್ಲಿದ್ದ ಆಜ್ಞೆಗಳೂ ಮಾಯ. ಉದ್ದದ ಸಂದೇಶ ಕಳಿಸೋವಾಗ ಇದು ಗೊತ್ತಾಗುತ್ತೆ: ಓದೋಕೆ ಚಿಕ್ಕ ಪ್ರಶ್ನೆ ಸಾಕು, ಕೋಡಿಂಗ್ ಬರೆಯೋಕೆ ಹಲವು ಕ್ಯಾನ್ ಫ್ರೇಮ್ ಸೇರಿದ ಉದ್ದದ ಸಂದೇಶ ಬೇಕು. ಹಳೇಗೇರು ಅವರಿಗೆ ತೊಂದರೆ ಆಗದೇ ಇದ್ದದ್ದು ಈ ಕಾರಣಕ್ಕೆ.

ಸ್ಕೋಡಾ, ಫೋಕ್ಸ್‌ವ್ಯಾಗನ್ ಕಾರುಗಳಿಗೆ ಬಳಸೋ ವಿಸಿಡಿಎಸ್ ಸಾಫ್ಟ್‌ವೇರ್ ಕಥೆ ಬೇರೆ. ಅಲ್ಲಿ ಸಾಫ್ಟ್‌ವೇರ್ ಲೈಸೆನ್ಸ್ ಇರೋದೇ ಕೇಬಲ್ ಒಳಗೆ. ನಕಲಿ ಕೇಬಲ್ ಅಂದ್ರೆ ಕದ್ದ ಲೈಸೆನ್ಸ್. ಅದರ ಜೊತೆ ಬರೋ ಸಿಡಿಯಲ್ಲಿ ಯಾರೋ ತಿದ್ದಿದ ಹಳೇ ಸಾಫ್ಟ್‌ವೇರ್, "ಅಪ್‌ಡೇಟ್ ಮಾಡಬೇಡಿ, ಆಂಟಿವೈರಸ್ ಆಫ್ ಮಾಡಿ" ಅನ್ನೋ ಚೀಟಿ. ಆಂಟಿವೈರಸ್ ಆಫ್ ಮಾಡು ಅಂತ ಯಾರೇ ಹೇಳಿದ್ರೂ ಅಲ್ಲೇ ನಿಲ್ಲಿಸಿ.

ಬಿಎಂಡಬ್ಲ್ಯು ಕೇಬಲ್‌ಗಳು ಮೂರನೇ ಥರ. ಅವು ಬರೀ ತಂತಿ ಮತ್ತು ಒಂದು ಯುಎಸ್‌ಬಿ ಚಿಪ್, ಒಳಗೆ ಗುಟ್ಟೇನೂ ಇಲ್ಲ. ಯಾರು ಮಾಡಿದ್ರೂ ಸರಿಯಾಗಿ ಮಾಡಿದ್ರೆ ಆಯ್ತು. ಆ ಚಿಪ್ ಮಾತ್ರ ಎಫ್‌ಟಿಡಿಐ ಕಂಪನಿಯ ಅಸಲಿ ಆಗಿರ್ಲಿ. 2014ರಲ್ಲಿ ಆ ಕಂಪನಿ ವಿಂಡೋಸ್ ಅಪ್‌ಡೇಟ್ ಮೂಲಕ ಒಂದು ಡ್ರೈವರ್ ಬಿಟ್ಟಿತ್ತು, ಅದು ನಕಲಿ ಚಿಪ್ಪಿನ ಪ್ರಾಡಕ್ಟ್ ಐಡಿಯನ್ನ ಸೊನ್ನೆ ಮಾಡಿಬಿಡ್ತಿತ್ತು. ರಾತ್ರೋರಾತ್ರಿ ಎಷ್ಟೋ ಕೇಬಲ್ ಕಂಪ್ಯೂಟರಿಗೆ ಕಾಣದೇ ಹೋದ್ವು. ಗಲಾಟೆ ಆಗಿ ಹಿಂದೆ ತಗೊಂಡ್ರು.

ಹಳೇಗೇರು

ಇರ್ಲಿ ಬಿಡಿ, ಒಪ್ಪಿದೆ. ಆದ್ರೂ ಓದೋಕಷ್ಟೇ ಬೇಕಾದವರಿಗೆ ಅಗ್ಗದ್ದೇ ಸಾಕು ಅನ್ನೋದು ನನ್ನ ವಾದ.

ಬಿಟ್‌ಬೈಟ್

ಅದಕ್ಕೆ ನನ್ನದೂ ತಕರಾರಿಲ್ಲ.

ಮಳೆವೈಪರ್

ಆಕ್ಟೇವಿಯಾ ನನ್ನ ಹತ್ರಾನೂ ಇದೆ, ಅದೇ ತಲೆಮಾರಿನದು. ಎರಡು ಆಯ್ಕೆ: ವಿಸಿಡಿಎಸ್ ಅಥವಾ ಒಬಿಡಿಇಲೆವೆನ್.

ಒಬಿಡಿಇಲೆವೆನ್ ಫೋನಿಗೆ, ಅದರದ್ದೇ ಸಾಧನ. ಒಂದು ಗುಂಡಿ ಒತ್ತಿದ್ರೆ ಒಂದು ಬದಲಾವಣೆ ಮಾಡೋ ಸಿದ್ಧ ಆಯ್ಕೆಗಳಿವೆ, ಅದಕ್ಕೆ ಕ್ರೆಡಿಟ್ ಖರ್ಚಾಗುತ್ತೆ. ಕೈಯಾರೆ ಲಾಂಗ್ ಕೋಡಿಂಗ್ ಮಾಡೋಕೆ ಮೇಲಿನ ದರ್ಜೆಯ ಪ್ಲಾನ್ ಬೇಕು. ವಿಸಿಡಿಎಸ್ ಲ್ಯಾಪ್‌ಟಾಪ್‌ಗೆ. ಎಚ್‌ಇಎಕ್ಸ್-ವಿ2 ಕೇಬಲ್ ಮೂರು ಕಾರಿಗೆ, ಹತ್ತು ಕಾರಿಗೆ, ಮಿತಿಯಿಲ್ಲದ್ದು ಅಂತ ಬರುತ್ತೆ. ಇಲ್ಲಿ ಕಾರು ಅಂದ್ರೆ ವಿಐಎನ್ (ಪ್ರತಿ ಕಾರಿನ ವಿಶಿಷ್ಟ ಗುರುತಿನ ಸಂಖ್ಯೆ) ಲೆಕ್ಕ. ಮನೆಮಂದಿಗೆ ಮೂರರದ್ದೇ ಧಾರಾಳ. ಫೋಕ್ಸ್‌ವ್ಯಾಗನ್, ಆಡಿ, ಸ್ಕೋಡಾ, ಸಿಯಾಟ್ ಬಿಟ್ಟು ಬೇರೆ ಕಡೆ ಇದರಲ್ಲಿ ಕೋಡಿಂಗ್ ಆಗಲ್ಲ, ನೆನಪಿರಲಿ.

ನಾನು ವಿಸಿಡಿಎಸ್ ಪಕ್ಷ. ಗುಂಡಿ ಒತ್ತಿ ಬದಲಾಯಿಸಿದ್ರೆ ಒಳಗೆ ಏನು ಬದಲಾಯ್ತು ಅಂತ ಗೊತ್ತಾಗಲ್ಲ. ಇಂಡಿಕೇಟರ್ ಎಣಿಕೆ 09 ಸೆಂಟ್ರಲ್ ಎಲೆಕ್ಟ್ರಿಕ್ಸ್ ಮಾಡ್ಯೂಲ್‌ನ ಅಡಾಪ್ಟೇಷನ್ ಪಟ್ಟಿಯಲ್ಲಿದೆ, ಬರೆಯೋ ಮೊದಲು ಸೆಕ್ಯುರಿಟಿ ಆಕ್ಸೆಸ್‌ನಲ್ಲಿ 31347 ಕೊಡ್ಬೇಕು.

ಹೊಸಚಕ್ರ

ಲಾಂಗ್ ಕೋಡಿಂಗ್ ಅಂದ್ರೇನು ಅಂತ ಎಲ್ಲಾ ಕಡೆ ಓದಿದೆ, ತಲೆಬುಡ ತಿಳೀಲಿಲ್ಲ. ಬಿಟ್, ಬೈಟ್ ಅಂತ ಏನೇನೋ ಇದೆ.

ಬಿಟ್‌ಬೈಟ್

ಹೆಸರು ನೋಡಿ ಹೆದರ್ಬೇಡಿ. ಮಾಡ್ಯೂಲ್ ಒಳಗೆ ಸ್ವಿಚ್ಚುಗಳ ಒಂದು ಉದ್ದ ಹಲಗೆ ಇದೆ ಅಂದ್ಕೊಳ್ಳಿ. ಎಂಟು ಸ್ವಿಚ್ಚಿಗೆ ಒಂದು ಬೈಟ್. ಪರದೆ ಮೇಲೆ ಅದು ಎರಡು ಅಂಕಿಯಾಗಿ ಕಾಣುತ್ತೆ, ಹದಿನಾರರ ಲೆಕ್ಕದಲ್ಲಿ.

ಉದಾಹರಣೆಗೆ ಒಂದು ಬೈಟ್ 21 ಅಂತ ತೋರಿಸ್ತಿದೆ. ಅದನ್ನ ಬಿಡಿಸಿದ್ರೆ 0010 0001. ಬಲಗಡೆಯಿಂದ ಸೊನ್ನೆ, ಒಂದು, ಎರಡು ಅಂತ ಎಣಿಸಿ. 0ನೇದು ಮತ್ತು 5ನೇದು ಆನ್ ಇವೆ. ನಿಮಗೆ ಬೇಕಾದ ಸೌಲಭ್ಯ 2ನೇ ಬಿಟ್‌ನಲ್ಲಿದೆ ಅಂದ್ರೆ ಅದನ್ನಷ್ಟೇ 1 ಮಾಡಿ: 0010 0101. ಈಗ ಬೈಟ್ 25 ಆಯ್ತು. ಉಳಿದ ಏಳನ್ನ ಮುಟ್ಟಿಲ್ಲ ನೋಡಿ. ಯಾರೋ "ಆ ಬೈಟಿಗೆ 04 ಹಾಕು, ಬರುತ್ತೆ" ಅಂದ್ರು ಅಂತ 04 ಹಾಕಿದ್ರೆ ನಿಮ್ಮ ಸೌಲಭ್ಯ ಬರುತ್ತೆ ನಿಜ, 0 ಮತ್ತು 5 ಆಫ್ ಆಗ್ತವೆ. ಆಮೇಲೆ ಹಿಂದಿನ ವೈಪರ್ ಯಾಕೆ ತಿರುಗ್ತಿಲ್ಲ ಅಂತ ಇಲ್ಲಿ ಹೊಸ ಪ್ರಶ್ನೆ ಹಾಕ್ತೀರಿ. ಬೇರೆಯವರ ಕಾರಿನ ಪೂರ್ತಿ ಕೋಡಿಂಗ್ ಸಾಲನ್ನ ನಕಲು ಮಾಡಿ ಅಂಟಿಸಬಾರದು ಅನ್ನೋದು ಇದಕ್ಕೇ. ಅವರ ಕಾರಲ್ಲಿ ಮಳೆ ಸೆನ್ಸರ್ ಇರ್ಬಹುದು, ನಿಮ್ಮದರಲ್ಲಿ ಇರದೇ ಇರ್ಬಹುದು.

ವಿಸಿಡಿಎಸ್‌ನಲ್ಲಿ ಲಾಂಗ್ ಕೋಡಿಂಗ್ ಹೆಲ್ಪರ್ ಅಂತ ಇದೆ, ಎಷ್ಟೋ ಬಿಟ್‌ಗಳ ಪಕ್ಕದಲ್ಲಿ ಅದರ ಕೆಲಸ ಬರೆದಿರುತ್ತೆ, ಟಿಕ್ ಹಾಕಿದ್ರೆ ಸಾಕು. ಹೊಸ ಎಂಕ್ಯುಬಿ (ಫೋಕ್ಸ್‌ವ್ಯಾಗನ್ ಬಳಗದ ಹೊಸ ಪ್ಲಾಟ್‌ಫಾರ್ಮ್) ಕಾರುಗಳಲ್ಲಿ ಬಹಳಷ್ಟನ್ನ ಅಡಾಪ್ಟೇಷನ್‌ಗೆ ಸರಿಸಿದ್ದಾರೆ, ಅಲ್ಲಿ ಬಿಟ್ ಲೆಕ್ಕವೇ ಬೇಡ, ಹೆಸರಿನ ಎದುರು ಬೆಲೆ ಬದಲಿಸಿದ್ರೆ ಆಯ್ತು.

ಫೋರ್ಡ್‌ನಲ್ಲೂ ಇದೇ ತತ್ವ, ಆಸ್-ಬಿಲ್ಟ್ ಅಂತಾರೆ. 726 ಬಾಡಿ ಕಂಟ್ರೋಲ್, 720 ಮೀಟರ್ ಕ್ಲಸ್ಟರ್. ಪ್ರತಿ ಸಾಲಿನ ಕೊನೆಯ ಬೈಟ್ ಚೆಕ್‌ಸಮ್, ಅದನ್ನ ಫೋರ್‌ಸ್ಕ್ಯಾನ್ ತಾನೇ ಲೆಕ್ಕ ಹಾಕುತ್ತೆ.

ರಾತ್ರಿಸವಾರಿ

ಮೊದಲು ಬ್ಯಾಕಪ್. ಮೊದಲು ಬ್ಯಾಕಪ್. ಫೋರ್‌ಸ್ಕ್ಯಾನ್‌ನಲ್ಲಿ ಪ್ರತಿ ಮಾಡ್ಯೂಲ್‌ನ ಎಬಿಟಿ ಫೈಲ್ ಸೇವ್ ಮಾಡಿ, ವಿಸಿಡಿಎಸ್‌ನಲ್ಲಿ ಆಟೋ-ಸ್ಕ್ಯಾನ್ ಓಡಿಸಿ ಪೂರ್ತಿ ಪಠ್ಯ ಉಳಿಸಿ. ಫೈಲ್ ಹೆಸರಲ್ಲಿ ಕಾರು, ತಾರೀಕು ಹಾಕಿ. "ಹೊಸದು_ಫೈನಲ್2" ಅಂತ ಇಡ್ಬೇಡಿ ದಯವಿಟ್ಟು.

ಹೊಸಚಕ್ರ

ಹ್ಹ ಹ್ಹ ಸರಿ. ಅಣ್ಣನ ಎಫ್30ಗೆ? ಅವನ ಸ್ನೇಹಿತರ ಹತ್ರ ಕೆ+ಡಿಕ್ಯಾನ್ ಕೇಬಲ್ ಇದೆಯಂತೆ, ಅದನ್ನೇ ತಂದುಕೊಡ್ತೀನಿ ಅಂತಿದ್ದಾನೆ.

ಪಿನ್ಹದಿನಾರು

ಅದು ಎಫ್‌ಗಿಂತ ಹಿಂದಿನ ತಲೆಮಾರಿನ ಇ ಸೀರೀಸ್ ಕಾರುಗಳದು. 2007ರ ಮಾರ್ಚ್‌ಗಿಂತ ಹಿಂದಿನವು 7 ಮತ್ತು 8ನೇ ಪಿನ್‌ನ ಕೆ-ಲೈನ್‌ನಲ್ಲಿ, ಆಮೇಲಿನವು 6 ಮತ್ತು 14ರ ಡಿ-ಕ್ಯಾನ್‌ನಲ್ಲಿ ಮಾತಾಡ್ತವೆ. ಅದಕ್ಕೇ ಆ ಕೇಬಲ್‌ಗಳಲ್ಲಿ 7 ಮತ್ತು 8 ಜೋಡಿಸೋ ಸಣ್ಣ ಸ್ವಿಚ್ ಇರುತ್ತೆ. ಜೊತೆಗೆ ಐಎನ್‌ಪಿಎ, ಎನ್‌ಸಿಎಸ್ ಎಕ್ಸ್‌ಪರ್ಟ್ ಅನ್ನೋ ಸಾಫ್ಟ್‌ವೇರ್ ಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟಿನ ಲೇಟೆನ್ಸಿ ಟೈಮರ್ 16ರಿಂದ 1ಕ್ಕೆ ಇಳಿಸದೇ ಸಾಫ್ಟ್‌ವೇರನ್ನ ಬೈಯೋರು ಬಹಳ. ಕುಣಿಯಲಾರದವಳಿಗೆ ನೆಲ ಡೊಂಕು.

ಎಫ್30ಗೆ ಇನೆಟ್ ಕೇಬಲ್. ಒಂದು ಕಡೆ 16 ಪಿನ್, ಇನ್ನೊಂದು ಕಡೆ ಮಾಮೂಲಿ ನೆಟ್‌ವರ್ಕ್ ಪ್ಲಗ್. ಒಳಗೆ ಇರೋದು ಇಷ್ಟೇ: ಈಥರ್‌ನೆಟ್ಟಿನ ನಾಲ್ಕು ತಂತಿ, ಜೊತೆಗೆ 16 ಮತ್ತು 8ರ ಮಧ್ಯೆ 510 ಓಮ್ ರೆಸಿಸ್ಟರ್. 8ನೇ ಪಿನ್ನಿಗೆ ಆ ವೋಲ್ಟೇಜ್ ತಲುಪಿದ್ರೆ ಮಾತ್ರ ಕಾರಿನ ಗೇಟ್‌ವೇ ಈಥರ್‌ನೆಟ್ ಎಬ್ಬಿಸುತ್ತೆ. "ಕೇಬಲ್ ಹಾಕಿದ್ರೂ ಕಾರು ಕಾಣ್ತಿಲ್ಲ" ಅನ್ನೋ ದೂರಿಗೆ ಮೊದಲು ಈ ರೆಸಿಸ್ಟರ್ ನೋಡಿ. ಅದು ಸರಿ ಇದ್ರೆ ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಫೈರ್‌ವಾಲ್‌ನಲ್ಲಿ ಆ ಪ್ರೋಗ್ರಾಮಿಗೆ ಅನುಮತಿ ಕೊಡಿ, ಐಪಿ ವಿಳಾಸವನ್ನ ತಾನಾಗೇ ಪಡೆಯೋ ಹಾಗೆ ಬಿಡಿ. 169.254ರಿಂದ ಶುರುವಾಗೋ ವಿಳಾಸ ಬಂದ್ರೆ ಸರಿದಾರಿ.

ಸಾಫ್ಟ್‌ವೇರ್ ಇ-ಸಿಸ್, ಅದಕ್ಕೆ ಪಿಎಸ್‌ಡಿಜೆಡ್ ಡೇಟಾ (ಬಿಎಂಡಬ್ಲ್ಯು ಮಾಡ್ಯೂಲ್‌ಗಳ ವಿವರ ಇರೋ ಫೈಲುಗಳು) ಬೇಕು. ಕೋಡಿಂಗ್‌ಗೆ ಲೈಟ್ ಡೇಟಾ ಸಾಕು, ಫುಲ್ ಬೇಕಾಗೋದು ಫ್ಲಾಶ್ ಮಾಡೋರಿಗೆ. ಆದ್ರೆ ನಿಮ್ಮ ಪಟ್ಟಿಗೆ ಇ-ಸಿಸ್‌ವರೆಗೂ ಹೋಗೋದು ಬೇಡ ಅನ್ಸುತ್ತೆ. ಬಿಮ್ಮರ್‌ಕೋಡ್ ಆ್ಯಪ್‌ನಲ್ಲಿ ಕೆಲಸ ಮುಗಿಯುತ್ತೆ, ಬರೆಯೋ ಮೊದಲು ತಾನೇ ಬ್ಯಾಕಪ್ ತಗೊಳ್ಳುತ್ತೆ. ಅವರ ಪಟ್ಟಿಯಲ್ಲಿರೋ ಅಡಾಪ್ಟರನ್ನೇ ಕೊಳ್ಳಿ. ಐಫೋನ್ ಆದ್ರೆ ಹಳೇ ಥರದ ಬ್ಲೂಟೂತ್ ಡಾಂಗಲ್ ಜೊತೆ ಕೆಲಸ ಮಾಡಲ್ಲ, ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರೋದು ನೋಡಿ.

ಮಳೆವೈಪರ್

> ಬರೆಯೋ ಹೊತ್ತಲ್ಲಿ ಸಂಪರ್ಕ ಕಡಿಯೋ ಸಾಧ್ಯತೆ ಯಾಕೆ

ಫ್ಯೂಸ್‌ಬಾಕ್ಸ್ ಅವರೇ, ನೀವು ತಂತಿ ಬೇಕು ಅಂತೀರಿ, ಪಿನ್ಹದಿನಾರು ಆ್ಯಪ್, ಬ್ಲೂಟೂತ್ ಅಂತಾರೆ. ಯಾರನ್ನ ನಂಬೋದು?

ಫ್ಯೂಸ್‌ಬಾಕ್ಸ್

ಕೋಡಿಂಗ್ ಅಂದ್ರೆ ಕೆಲವೇ ಬೈಟ್, ಕ್ಷಣದ ಕೆಲಸ. ಮಧ್ಯೆ ಕಡಿದ್ರೂ ಸಾಮಾನ್ಯವಾಗಿ ಮತ್ತೆ ಬರೆದ್ರೆ ಸರಿಹೋಗುತ್ತೆ. ಫ್ಲಾಶ್ ಅಂದ್ರೆ ಮಾಡ್ಯೂಲ್‌ನ ಪೂರ್ತಿ ಪ್ರೋಗ್ರಾಮನ್ನೇ ಅಳಿಸಿ ಹೊಸದು ತುಂಬೋದು. ಅದರ ಮಧ್ಯೆ ಕಡಿದ್ರೆ ಮಾಡ್ಯೂಲ್ ಏಳದೇ ಹೋಗ್ಬಹುದು. ಫ್ಲಾಶ್‌ಗೆ ತಂತಿ ಕಡ್ಡಾಯ, ಜೊತೆಗೆ ಸ್ಥಿರ ವೋಲ್ಟೇಜ್ ಕೊಡೋ ಪವರ್ ಸಪ್ಲೈ ಕಡ್ಡಾಯ. ಕೋಡಿಂಗ್‌ಗೆ ತಂತಿ ನನ್ನ ಇಷ್ಟ, ಅಷ್ಟೇ.

ಬ್ಯಾಟರಿ ಮಾತ್ರ ಎರಡಕ್ಕೂ ನೋಡಿ. ಇಗ್ನಿಷನ್ ಆನ್, ಇಂಜಿನ್ ಆಫ್ ಇಟ್ಟು ಅರ್ಧ ತಾಸು ಕೂತ್ರೆ ದೀಪ, ಫ್ಯಾನ್, ಸ್ಕ್ರೀನ್ ಎಲ್ಲ ಸೇರಿ ಹಳೇ ಬ್ಯಾಟರಿ ಮಲಗಿಬಿಡುತ್ತೆ. ಹೆಡ್‌ಲೈಟ್, ಎಸಿ ಆಫ್ ಮಾಡಿ ಕೂರಿ.

ಬೆಳಕುಬೇಟೆ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಸೀಟ್ ಬೆಲ್ಟ್ ಬೀಪ್ ಶಬ್ದ ತೆಗೆಯೋ ಕೋಡಿಂಗ್ ಯಾವ ಬೈಟಲ್ಲಿದೆ?

ಪಿನ್ಹದಿನಾರು

ಬೆಲ್ಟ್ ಹಾಕ್ಕೊಂಡ್ರೆ ನಿಲ್ಲುತ್ತೆ. ಏರ್‌ಬ್ಯಾಗ್, ಬೆಲ್ಟ್, ಎಬಿಎಸ್, ಓಡಿದ ಕಿಲೋಮೀಟರ್, ಹೊಗೆ ನಿಯಂತ್ರಣ ಇವುಗಳ ಬಗ್ಗೆ ನಾನು ಉತ್ತರ ಕೊಡಲ್ಲ.

ಬಿಟ್‌ಬೈಟ್

ನಾನೂ.

ರಾತ್ರಿಸವಾರಿ

ಹೊಸ ಕಾರು ಕೊಳ್ಳೋರಿಗೆ ಒಂದು ಮಾತು. ಇಲ್ಲಿ ಹೇಳಿದ್ದೆಲ್ಲ ಹೆಚ್ಚಾಗಿ ಹಳೇ ತಲೆಮಾರಿಗೆ. 2018ರಿಂದ ಫಿಯೆಟ್, ಜೀಪ್, ಆಲ್ಫಾ ಕಡೆಯ ಎಷ್ಟೋ ಕಾರುಗಳಲ್ಲಿ ಸಾಕೆಟ್ಟಿನ ಹಿಂದೆ ಸೆಕ್ಯುರಿಟಿ ಗೇಟ್‌ವೇ ಕೂತಿದೆ. ಓದೋಕೆ ಬಿಡುತ್ತೆ, ಬರೆಯೋಕೆ ಬಿಡಲ್ಲ. ಗಾಲ್ಫ್ 8ರಿಂದ ಫೋಕ್ಸ್‌ವ್ಯಾಗನ್ ಬಳಗದಲ್ಲಿ ಎಸ್‌ಎಫ್‌ಡಿ ಬಂತು. ಕಂಪನಿಯ ಸರ್ವರ್‌ನಿಂದ ಅನುಮತಿ ಪಡೆದು ಮಾಡ್ಯೂಲ್ ಬೀಗ ತೆಗೆಸ್ಬೇಕು, ತೆಗೆದದ್ದು 90 ನಿಮಿಷ ಮಾತ್ರ ತೆರೆದಿರುತ್ತೆ. ವಿಶ್ವಸಂಸ್ಥೆಯ ಆರ್155 ಸೈಬರ್ ನಿಯಮ ಯುರೋಪಿನಲ್ಲಿ 2022ರ ಜುಲೈಯಿಂದ ಹೊಸ ಮಾದರಿಗಳಿಗೆ, 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೆ ಅನ್ವಯ. ಮುಂದೆ ಬೀಗ ಹೆಚ್ಚೇ ಆಗುತ್ತೆ, ಕಡಿಮೆ ಆಗಲ್ಲ. ಕೇಬಲ್ ಕೊಳ್ಳೋ ಮೊದಲು ನಿಮ್ಮ ವರ್ಷದ ಕಾರಿಗೆ ಬೀಗ ಇದೆಯಾ ನೋಡ್ಕೊಳ್ಳಿ, ಇದ್ರೆ ನಿಮ್ಮ ಸಾಫ್ಟ್‌ವೇರ್‌ಗೆ ಅದನ್ನ ತೆಗೆಸೋ ಅಧಿಕೃತ ದಾರಿ ಇದೆಯಾ ಕೇಳಿ.

ಇನ್ನೊಂದು: ಸರ್ವಿಸ್‌ನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ರೆ ಬಿಎಂಡಬ್ಲ್ಯುನಲ್ಲಿ ನೀವು ಬರೆದದ್ದು ಹೋಗಿ ಕಾರ್ಖಾನೆಯ ಕೋಡಿಂಗ್ ಬರುತ್ತೆ. ಅಣ್ಣನಿಗೆ ಹೇಳಿಡಿ, ಆಮೇಲೆ ಗಾಬರಿ ಬೀಳೋದು ಬೇಡ.

ಹೊಸಚಕ್ರ

ಬಂದೆ. ತಾನಾಗೇ ಬಸ್ ಬದಲಿಸೋ ಯುಎಸ್‌ಬಿ ಅಡಾಪ್ಟರ್ ತಗೊಂಡೆ, ಫೋರ್‌ಸ್ಕ್ಯಾನ್ ಹಾಕಿದೆ. ನೀಲಿ ಡಾಂಗಲ್‌ನಲ್ಲಿ ಕಾಣದೇ ಇದ್ದ ಆಡಿಯೊ, ಪಾರ್ಕಿಂಗ್ ಎಲ್ಲಾ ಈಗ ಪಟ್ಟಿಯಲ್ಲಿ ಬಂದ್ವು. ಬ್ಯಾಕಪ್ ತಗೊಂಡು, ಬಾಗಿಲ ಆಟೋ ಲಾಕ್ ಆನ್ ಮಾಡಿ ಬರೆದೆ. ಕೆಲಸ ಮಾಡ್ತಿದೆ. ಆದ್ರೆ ಬರೆದ ಮೇಲೆ ಸ್ಕ್ಯಾನ್ ಮಾಡಿದ್ರೆ "ಯು" ಅಕ್ಷರದಿಂದ ಶುರುವಾಗೋ ದೋಷದ ಕೋಡ್ ಸಾಲುಸಾಲಾಗಿ ಬಂದಿದೆ. ಏನಾದ್ರೂ ಹಾಳಾಯ್ತಾ?

ಫ್ಯೂಸ್‌ಬಾಕ್ಸ್

ಇಲ್ಲ. ಬರೆದ ಮೇಲೆ ಆ ಮಾಡ್ಯೂಲ್ ರೀಸೆಟ್ ಆಗಿ ಕ್ಷಣಕಾಲ ಸುಮ್ಮನಾಗುತ್ತೆ. ಅಕ್ಕಪಕ್ಕದವು "ಇವನ ಸದ್ದಿಲ್ಲ" ಅಂತ ಬರೆದಿಡ್ತವೆ, ಯು ಅಂದ್ರೆ ಸಂಪರ್ಕ ದೋಷ. ಎಲ್ಲ ಅಳಿಸಿ, ಇಗ್ನಿಷನ್ ಆಫ್ ಮಾಡಿ ಸ್ವಲ್ಪ ಬಿಟ್ಟು ಆನ್ ಮಾಡಿ, ಒಂದು ಸುತ್ತು ಓಡಿಸಿ ಮತ್ತೆ ಸ್ಕ್ಯಾನ್ ಮಾಡಿ. ಮೊದಲ ಸ್ಕ್ಯಾನ್ ಉಳಿಸಿದ್ರಿ ಅಲ್ವಾ, ಅದರ ಪಕ್ಕ ಇಟ್ಟು ನೋಡಿ. ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ, 16ನೇ ಪಿನ್ನಿಗೆ ಕೀ ತೆಗೆದ್ರೂ ಕರೆಂಟ್ ಇರುತ್ತೆ.

ಹೊಸಚಕ್ರ

ಯು ಕೋಡ್ ಎಲ್ಲಾ ಹೋದ್ವು. ಹಿಂದಿನ ಪಾರ್ಕಿಂಗ್ ಸೆನ್ಸರ್‌ದು ಒಂದು ಮಾತ್ರ ಉಳಿದಿದೆ, ಅದು ಮೊದಲ ಸ್ಕ್ಯಾನ್‌ನಲ್ಲೂ ಇತ್ತು.

ಫ್ಯೂಸ್‌ಬಾಕ್ಸ್

ಹಾಗಾದ್ರೆ ಅದು ಕೋಡಿಂಗ್ ಸಮಸ್ಯೆ ಅಲ್ಲ. ಇಂಜಿನ್ ಆಫ್ ಮಾಡಿ, ಇಗ್ನಿಷನ್ ಆನ್ ಇಟ್ಟು ರಿವರ್ಸ್ ಗೇರ್ ಹಾಕಿ, ಪ್ರತಿ ಸೆನ್ಸರ್ ಹತ್ರ ಕಿವಿ ಇಟ್ಟು ಕೇಳಿ. ಕೆಲಸ ಮಾಡ್ತಿರೋದು ಟಿಕ್ ಟಿಕ್ ಅನ್ನುತ್ತೆ. ಸುಮ್ಮನಿರೋದು ಯಾವುದು ಅಂತ ಸಿಕ್ಕ ಮೇಲೆ ಕೋಡ್ ಜೊತೆ ಬೇರೆ ಪ್ರಶ್ನೆಯಾಗಿ ಹಾಕಿ.